ಬೀದಿ ಚೆಂದವಾದ ಮೇಲೆ ಬೀದಿಯವನು ಎಲ್ಲಿಗೆ ಹೋಗಬೇಕು?

(ರಾಣೆಬೆನ್ನೂರಿನಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಬೆಂಗಳೂರಿನ ಒಂದು ಬೀದಿಯ ವಿಷಯ ಮಾತಾಡಲಿದ್ದೇವೆ. ಅದರ ಹೆಸರು ಚರ್ಚ್ ಸ್ಟ್ರೀಟ್. ಕೂಲಿ, ಬೋನಸ್ಸಿನ ಮಾತು ಬಿಟ್ಟು ಈ ಶೋಕಿಯ ಬೀದಿಯ ಮಾತೇಕೆ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಮಕ್ಕಳು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅಂಥ ಬೀದಿಗಳನ್ನು ಹೊಗಳುತ್ತಾರೆ. ನಮ್ಮ ಪೇಟೆಯೂ ಹಾಗೆ ಆಗಬೇಕು ಎನ್ನುತ್ತಾರೆ. ಆಗಲಿ. ಆದರೆ ಆ ಬೀದಿ ಯಾರ ಹಣದಿಂದ ಚೆಂದವಾಯಿತು, ಚೆಂದವಾಗುವ ಹೊತ್ತಿಗೆ ಯಾರು ಉಳಿದರು, ಯಾರು ಎದ್ದು ಹೋದರು ಎಂಬುದನ್ನು ಮೊದಲು ತಿಳಿಯೋಣ.

ನಾವು ಅದನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದ್ದೇವೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ, ಒಂದು ಕಿಲೋಮೀಟರೂ ಇಲ್ಲದ ಬೀದಿ. ನೆಲಕ್ಕೆ ಕಲ್ಲು ಹಾಸಿದೆ. ಎರಡೂ ಬದಿಗೆ ಪುಸ್ತಕದ ಅಂಗಡಿಗಳು, ಬಟ್ಟೆಯ ಅಂಗಡಿಗಳು, ನಾನಾ ದೇಶದ ಅಡುಗೆಯ ಹೋಟೆಲುಗಳು. ಗೋಡೆಯ ಮೇಲೆ ಚಿತ್ರಗಳು. ಸಂಜೆ ಹುಡುಗ ಹುಡುಗಿಯರು ಗುಂಪುಗುಂಪಾಗಿ ಅಡ್ಡಾಡುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರ ಪೈಕಿ ನಾವಲ್ಲ. ದುಡಿದು ದಣಿದವನಿಗೂ ಕೂಡ್ರಲು ಒಂದು ಕಟ್ಟೆ, ಓದಲು ಒಂದು ಪುಸ್ತಕ, ನೋಡಲು ಒಂದು ಚಿತ್ರ ಬೇಕು. ಅವು ಸಾಹುಕಾರರಿಗೆ ಮಾತ್ರ ಎಂದು ಯಾರು ಬರೆದುಕೊಟ್ಟಿದ್ದಾರೆ?

ಆ ಕಲ್ಲುಹಾಸು 2018ರಲ್ಲಿ ಮುಗಿಯಿತು. ಅದು ಯಾವ ಧನಿಕನ ದಾನವೂ ಅಲ್ಲ, ಜನರ ಬೊಕ್ಕಸದ ಹಣ. ಬೆಂಕಿಪೆಟ್ಟಿಗೆ ಕೊಂಡ ಹಮಾಲನೂ ತೆರಿಗೆ ಕೊಟ್ಟಿದ್ದಾನೆ. ಆ ಹೋಟೆಲುಗಳ ಒಳಗೂ ನಮ್ಮವರ ದುಡಿಮೆ ಇದೆ. ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ತಟ್ಟೆಯ ಕೆಂಪನ್ನು ಹೊಗಳುವವರಿಗೆ ಬ್ಯಾಡಗಿಯಲ್ಲಿ ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಉರಿಯುವ ಕೈ ಕಾಣುವುದಿಲ್ಲ.

ಇನ್ನು ಅಂಗಡಿಗಳ ಮಾತು. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿಗೆ ದೊಡ್ಡ ಹೆಸರಿದೆ. ಅದನ್ನು ಕಟ್ಟಿದ ಮಾಯಿಗೌಡರು ಮೊದಲು ಮಹಾತ್ಮಾ ಗಾಂಧಿ ರಸ್ತೆಯ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರವಿ ಮಾರಿದವರು. ಅಂದರೆ ಇಂದಿನ ಹೆಸರಾಂತ ಅಂಗಡಿಯ ಬೇರು ಬೀದಿಬದಿಯಲ್ಲಿದೆ. ಅದೇ ಬೀದಿಯ ಸಮೀಪ ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಇತ್ತು. ಓದುವವರು ಮುಗಿಬೀಳುತ್ತಿದ್ದ ಆ ಸಣ್ಣ ಅಂಗಡಿ 2009ರಲ್ಲಿ ಬಾಗಿಲು ಹಾಕಿತು.

ಅದೇ 2009ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸು ತನ್ನ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬರಬೇಕಾಯಿತು. ಇದರ ಕಥೆಯನ್ನು ಗಿರಣಿಯ ಸಂಗಾತಿಗಳು ಗಮನವಿಟ್ಟು ಕೇಳಬೇಕು. ಕಾಫಿ ಮಂಡಳಿ ಮೊದಲು ಈ ಹೌಸುಗಳನ್ನು ನಡೆಸುತ್ತಿತ್ತು. 1950ರ ದಶಕದ ನಡುವೆ ಅವನ್ನು ಮುಚ್ಚಿ ಕೆಲಸಗಾರರನ್ನು ಹೊರಗೆ ಹಾಕಲು ಹೊರಟಿತು. ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಒಟ್ಟುಗೂಡಿದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಅವರ ಮೊದಲ ಸಹಕಾರ ಸಂಘ ಹುಟ್ಟಿತು. ತಟ್ಟೆ ಎತ್ತುವವನೇ ಒಡೆಯನಾದ. ಒಂದು ಬಟ್ಟಲು ಕಾಫಿ ಇಟ್ಟುಕೊಂಡು ಗುಮಾಸ್ತ, ವಿದ್ಯಾರ್ಥಿ, ಕವಿ ತಾಸುಗಟ್ಟಲೆ ಕೂತರೂ ಯಾರೂ ಏಳು ಎನ್ನಲಿಲ್ಲ. ಕಾರ್ಮಿಕರು ಮಂಡಳಿಯನ್ನು ಎದುರಿಸಿ ಗೆದ್ದರು. ಆದರೆ ಕಾಲ ಕೆಳಗಿನ ನೆಲ ಅವರದಾಗಿರಲಿಲ್ಲ.

ಪಾಠ ಇದೇ. ಸಣ್ಣ ಅಂಗಡಿಕಾರ, ಕೆಲಸಗಾರ, ಹಾಡುವವ, ಬರೆಯುವವ ಸೇರಿ ಬೀದಿಗೆ ಕಳೆ ತರುತ್ತಾರೆ. ಕಳೆ ಬಂದ ಕೂಡಲೇ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಕಳೆ ತಂದವನೇ ಗಂಟುಮೂಟೆ ಕಟ್ಟಬೇಕು. ಬೆಳೆದವನು ಒಬ್ಬ, ರಾಶಿ ಮನೆಗೆ ಒಯ್ಯುವವನು ಇನ್ನೊಬ್ಬ. ಹೊಲದಲ್ಲಿ ಕಂಡ ಲೆಕ್ಕವೇ ಪೇಟೆಯಲ್ಲೂ ನಡೆದಿದೆ.

ಕಲೆಗೆ ದುಬಾರಿ ಬೀದಿಯೇ ಬೇಕೆಂದೂ ಇಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಕಲಾವಿದರು ರಸ್ತೆಯ ಬದಿಗೇ ಚಿತ್ರ ಇಟ್ಟು ಮಾರುತ್ತಾರೆ, ನೋಡಲು ಕಾಸಿಲ್ಲ. ನಮ್ಮ ಜಿಲ್ಲೆಯನ್ನೇ ನೋಡಿರಿ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಟಿ. ಬಿ. ಸೊಲಬಕ್ಕನವರ ಹಳ್ಳಿಯ ಬಾಳನ್ನೇ ಶಿಲ್ಪವಾಗಿ ನಿಲ್ಲಿಸಿದರು. ಹಾನಗಲ್ಲ ತಾಲೂಕಿನ ಶೇಷಗಿರಿಯಲ್ಲಿ ಹಳ್ಳಿಯ ಜನ ಸೇರಿ ನಾಟಕ ಕಟ್ಟಿ ನಾಡಿಗೆಲ್ಲ ಹೆಸರಾದರು. ಸಂತೆಯೂ ಕಲೆಯೂ ನಮಗೆ ಹೊಸತಲ್ಲ.

ಹಾಗಾದರೆ ನಾವು ಏನು ಮಾಡಬೇಕು? ನಾಳೆ ನಮ್ಮ ಪೇಟೆಯ ರಸ್ತೆಯನ್ನೂ ಅಗಲ ಮಾಡುತ್ತಾರೆ, ದೀಪ ಹಾಕುತ್ತಾರೆ. ಬೇಡ ಎನ್ನಬೇಕಾಗಿಲ್ಲ. ಆದರೆ ಮಿರ್ಚಿ ಮಂಡಕ್ಕಿಯ ಗಾಡಿ, ಕಾಯಿಪಲ್ಲೆಯ ಬುಟ್ಟಿ, ಏಲಕ್ಕಿ ಹಾರ ಮಾರುವವ ಎಲ್ಲಿ ನಿಲ್ಲಬೇಕೆಂದು ಮೊದಲೇ ಕೇಳಬೇಕು. ಕೇಳಲು ಕಾಯಿದೆ ಇದೆ: 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟೀಸು ಬೇಕು. ಊರಿನ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳೇ ಆರಿಸಿದವರಿಗೆ. ಅದರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿಗೆ. ಈ ಕಾಯಿದೆಯ ಹೆಸರೂ ಕೇಳದವರು ನಮ್ಮಲ್ಲಿ ಎಷ್ಟು ಜನರಿಲ್ಲ!

ಅಂಗಡಿಯ ಬಂಧುಗಳಿಗೆ ಒಂದು ಮಾತು. ಬಾಗಿಲ ಮುಂದಿನ ಗಾಡಿಯವನು ನಿಮ್ಮ ವೈರಿ ಎಂದು ತಿಳಿಯಬೇಡಿ. ಅವನ ಗಿರಾಕಿಯೇ ನಿಮ್ಮ ಮೆಟ್ಟಿಲು ಹತ್ತುತ್ತಾನೆ. ಇಂದು ಗಾಡಿ ಎತ್ತಿಸಿದ ಕೈ ನಾಳೆ ಬಾಡಿಗೆಯ ಚೀಟಿ ಹಿಡಿದು ನಿಮ್ಮ ಬಾಗಿಲಿಗೇ ಬರುತ್ತದೆ.

ಆದ್ದರಿಂದ ಗಿರಣಿಯವರು, ಅಂಗಡಿಯವರು, ಗಾಡಿಯವರು ಕೂಡಿ ನಗರಸಭೆಗೆ ಅರ್ಜಿ ಕೊಡೋಣ: ಸಮೀಕ್ಷೆಯ ಪಟ್ಟಿ ತೋರಿಸಿರಿ, ಪ್ರಮಾಣಪತ್ರ ಕೊಡಿರಿ, ಸಮಿತಿಯ ಸಭೆ ಕರೆಯಿರಿ. ಬ್ಯಾಡಗಿಯವರು ತಮ್ಮ ಪುರಸಭೆಗೂ ಹೀಗೆಯೇ ಕೇಳಲಿ. ಸಭೆ ಮುಗಿದ ಮೇಲೆ ಸಹಿ ಮಾಡದೆ ಯಾರೂ ಮನೆಗೆ ಹೋಗಬೇಡಿರಿ.