ಅಟ್ಟದ ಮೇಲಿನ ವಹಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮೊದಲ ತಂಡದ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



1974ರಲ್ಲಿ ಈ ಶಾಲೆ ಆರಂಭವಾದಾಗ ಎಂಟನೆಯ ಇಯತ್ತೆಗೆ ಸೇರಿದವರಲ್ಲಿ ನಾನೂ ಒಬ್ಬ. ಅದೇ ವರ್ಷ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರರು ನಮೂನೆ 7ರ ಅರ್ಜಿ ತುಂಬಿ ಭೂಮಿಯ ಹಕ್ಕು ಕೇಳುತ್ತಿದ್ದರು. ನಮ್ಮಲ್ಲಿ ಎಷ್ಟೋ ಹುಡುಗರ ಅಪ್ಪಂದಿರು ಖಾನಾಪುರದ ಕಚೇರಿಗೆ ಅಲೆದರು. ಮನೆಯಲ್ಲಿ ಆ ಕಾಗದ ಓದಿ ಹೇಳುತ್ತಿದ್ದವರು ನಾವೇ. ಇವತ್ತು ನಾನು ಮಾತಾಡುವುದೂ ಅಂಥ ಕಾಗದಗಳ ಬಗ್ಗೆ, ನಮ್ಮ ಒಕ್ಕಲುತನದ ಇತಿಹಾಸದ ಬಗ್ಗೆ. ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ.

ನಮ್ಮ ಅಜ್ಜ ಮೋಡಿ ಲಿಪಿಯಲ್ಲಿ ಲೆಕ್ಕ ಬರೆದ ವಹಿಗಳು ಅಟ್ಟದ ಮೇಲೆ ಒಂದು ಪೆಟ್ಟಿಗೆಯಲ್ಲಿದ್ದವು. ಹಳೆಯ ಮನೆ ಕೆಡವಿ ನಾವು ಬೆಳಗಾವಿಗೆ ಬಂದಾಗ ಅವನ್ನು ರದ್ದಿಗೆ ಹಾಕಿದವನು ನಾನೇ. ಓದಲು ಬರದ ಕಾಗದ ಯಾಕೆ ಬೇಕು ಅನಿಸಿತ್ತು. ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿದ್ದ ಒಂದೇ ಹಾಳೆ ಉಳಿಯಿತು. ಎಷ್ಟೋ ವರ್ಷಗಳ ಮೇಲೆ ಶಹಾಪುರದಲ್ಲಿ ಮೋಡಿ ಬಲ್ಲ ವೃದ್ಧರೊಬ್ಬರು ಅದನ್ನು ಓದಿ ಹೇಳಿದರು. ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ಅಜ್ಜ ಬೀಜದ ಭತ್ತ ಎರಡು ಚೀಲ ಕೈಗಡ ತಂದಿದ್ದ. ಕೊಟ್ಟವರು ಯಾರು? ಬದುವಿನ ಜಗಳಕ್ಕೆ ಮೂವತ್ತು ವರ್ಷ ನಾವು ಮಾತು ಬಿಟ್ಟಿದ್ದ ಮನೆಯವರು.

ಆ ಹಾಳೆ ಹಿಡಿದು ನಾನು ಅವರ ಮನೆಗೆ ಹೋದೆ. ಆ ಮನೆಯ ಕಾಕಾ ಬಹಳ ಹೊತ್ತು ಹಾಳೆಯನ್ನೇ ನೋಡಿದರು. "ನಿಮ್ಮಜ್ಜ ಸುಗ್ಗ್ಯಾಗ ತಿರುಗಿ ಕೊಟ್ಟಾನಂತ ನಮ್ಮಪ್ಪ ಹೇಳ್ತಿದ್ದ. ಒಂದ ಸೇರು ಹೆಚ್ಚಿಗೀನ ಅಳದಿದ್ದನಂತ" ಅಂದರು. ಆಮೇಲೆ ಚಹಾ ತರಿಸಿದರು. ಉಳಿದ ವಹಿಗಳಲ್ಲಿ ಇನ್ನೆಷ್ಟು ಮನೆಗಳ ಋಣವಿತ್ತೋ, ಅದನ್ನೆಲ್ಲ ನಾನು ತೂಕಕ್ಕೆ ಮಾರಿಬಿಟ್ಟೆ.

ನಮ್ಮ ತಾಲೂಕಿನ ಒಕ್ಕಲುತನ ಒಂದೇ ಬಗೆಯದಲ್ಲ. ಪಡುವಣಕ್ಕೆ ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಕಡೆ ಭಾರಿ ಮಳೆ, ದಟ್ಟ ಕಾಡು. ಅಲ್ಲಿ ಹಿಂದೆ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಇತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಸರಕಾರ ಅದಕ್ಕೆ ಕಟ್ಟು ಹಾಕಿತು. ಮೂಡಣಕ್ಕೆ ಬೀಡಿ, ಇಟಗಿಯ ಕಡೆ ಬಂದರೆ ಮಳೆ ಕಡಿಮೆ, ಜೋಳದ ಸೀಮೆ. ಈ ಭಾಗದಲ್ಲಿ ಮುಂಗಾರು ಜೋರಾಗುವ ಮೊದಲೇ ಭತ್ತವನ್ನು ಕೂರಿಗೆಯಿಂದ ಬಿತ್ತಿ, ಎಡೆಕುಂಟೆ ಹೊಡೆದು ಬೆಳೆಯುವ ಪದ್ಧತಿಯಿದೆ. ಭತ್ತವೆಂದರೆ ನಾಟಿ ಎಂದೇ ತಿಳಿದವರಿಗೆ ಇದು ಸೋಜಿಗ. ನಾನೀಗಿರುವ ಬೆಳಗಾವಿಯಲ್ಲಿ, ವಡಗಾವಿ, ಯಳ್ಳೂರಿನ ಕಡೆ, ಬೆಳಗಾವಿ ಬಾಸುಮತಿ ಘಮಘಮಿಸುತ್ತಿದ್ದ ಎಷ್ಟೋ ಗದ್ದೆಗಳು ಇಂದು ಲೇಔಟ್ ಆಗಿವೆ.

ಇದೆಲ್ಲ ಎಲ್ಲಿ ಬರೆದಿದೆ? ಬೆಳಗಾವಿ ಜಿಲ್ಲೆಯ ಗೆಜೆಟಿಯರ್ 1884ರಲ್ಲೇ ಅಚ್ಚಾಯಿತು. ಆದರೆ ಅದು ಆಳುವವರು ತಮ್ಮ ಕೆಲಸಕ್ಕೆ ಬರೆಸಿದ ಪುಸ್ತಕ. ಯಾವ ಹೊಲಕ್ಕೆ ಯಾವ ಬೀಜ, ಮುಯ್ಯಿಗೆ ಯಾರ ಎತ್ತು, ಹಗೇವಿನ ಕಾಳಿಗೆ ಹುಳ ಬೀಳದಂತೆ ಅವ್ವ ಏನು ಮಾಡುತ್ತಿದ್ದಳು, ಕಳೆ ತೆಗೆಯುವಾಗ ಏನು ಹಾಡುತ್ತಿದ್ದಳು, ಇದು ಕಚೇರಿಯ ದಫ್ತರಿನಲ್ಲಿ ಸಿಗುವುದಿಲ್ಲ. ಮನೆಯ ಪೆಟ್ಟಿಗೆಯಲ್ಲಿದೆ, ಹಿರಿಯರ ಬಾಯಲ್ಲಿದೆ.

ಕೆನಡಾದ ಸಸ್ಕಾಚೆವಾನ್ ಎಂಬ ಪ್ರಾಂತ್ಯ ಗೋದಿಯ ಬಯಲು ಸೀಮೆ. 1905ರಲ್ಲಿ ಹುಟ್ಟಿದ ಆ ಪ್ರಾಂತ್ಯಕ್ಕೆ 1980ರಲ್ಲಿ 75 ತುಂಬಿದ ಸುಮಾರಿಗೆ, ಅಲ್ಲಿಯ ಹಳ್ಳಿಹಳ್ಳಿಯ ರೈತರು ತಮ್ಮ ಮನೆತನ, ಹೊಲ, ಶಾಲೆಗಳ ಕಥೆಯನ್ನು ತಾವೇ ಬರೆದು ಪುಸ್ತಕ ಮಾಡಿದರು. ಇಂದು ಸಂಶೋಧಕರು ಆ ಪುಸ್ತಕಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಉತ್ಸವದ ನೆಪದಲ್ಲಿ ಅವರು ಮಾಡಿದ್ದನ್ನು ನಾವೂ ಮಾಡಬಹುದಲ್ಲ?

ಶಾಲೆಗೆ ನನ್ನ ಬೇಡಿಕೆ ಚಿಕ್ಕದು. ಒಂದು ಕೋಣೆ ಬೇಡ, ಒಂದು ಕಪಾಟು ಸಾಕು. ಅದನ್ನು ನಾನು ಕೊಡಿಸುತ್ತೇನೆ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಒಬ್ಬೊಬ್ಬ ವಿದ್ಯಾರ್ಥಿ ಒಬ್ಬ ಹಿರಿಯರ ಮುಂದೆ ಕೂತು ಅವರ ಮಾತು ಬರೆದುಕೊಳ್ಳಲಿ. ಅವರು ಕನ್ನಡದಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಹೇಳಿದಂತೆಯೇ ಬರೆಯಲಿ. ಹೇಳಿದವರ ಹೆಸರು, ಊರು, ತಾರೀಖು ಇರಲಿ. ಅಜ್ಜಿಯರನ್ನು ಮೊದಲು ಕೇಳಿರಿ. ಬೀಜ ಕಾದವರು ಅವರು. ಮನೆಯ ಹಳೆಯ ಕಾಗದ ಕಿತ್ತುಕೊಳ್ಳಬೇಡಿರಿ. ಅವರ ಒಪ್ಪಿಗೆ ಪಡೆದು ಫೋಟೋ ತೆಗೆದು, ಕಾಗದವನ್ನು ಅವರಿಗೇ ಮರಳಿಸಿರಿ. ಕೂರಿಗೆ ಸಿಕ್ಕರೆ ಅದನ್ನು ಹೂಡುವುದು ಹೇಗೆಂದು ಬಲ್ಲವರಿಂದ ಕಲಿಯಿರಿ. ಬರೀ ಗೋಡೆಗೆ ನಿಲ್ಲಿಸಿದರೆ ಅದು ಕಟ್ಟಿಗೆ.

ನಮ್ಮ ಮೊದಲ ತಂಡದವರೇ ಈಗ ಅರವತ್ತು ದಾಟಿದ್ದೇವೆ. ನಮ್ಮ ಅಪ್ಪ ಅವ್ವಂದಿರಲ್ಲಿ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಮುಂದಿನ ವರ್ಷ ಅನ್ನಬೇಡಿರಿ. ಇವತ್ತು ಸಂಜೆ ಮನೆಗೆ ಹೋದವರೇ ಒಮ್ಮೆ ಅಟ್ಟ ಹತ್ತಿ ನೋಡಿರಿ. ಓದಲು ಬರದ ಕಾಗದ ಸಿಕ್ಕರೆ, ದಯವಿಟ್ಟು, ನನ್ನ ಹಾಗೆ ಮಾಡಬೇಡಿರಿ.