ಕಟ್ಟು ಬಿಚ್ಚಿದ ಬಗೆ
(ಶ್ರೀಮಠದ ಮಹೋತ್ಸವದಲ್ಲಿ ಗ್ರಂಥ ಪ್ರಕಟನೆಯ ಕಾಲಕ್ಕೆ ಮಾಡಿದ ಭಾಷಣ)

 

ಇಂಥ ಮಹೋತ್ಸವದಲ್ಲಿ ನನ್ನ ಅಲ್ಪ ಗ್ರಂಥವೂ ಬೆಳಕು ಕಾಣಲೆಂದು ಪೂಜ್ಯರು ಅಪ್ಪಣೆ ಕೊಡಿಸಿದುದು ನನ್ನ ಯೋಗ್ಯತೆಗೆ ಮೀರಿದ ಕೃಪೆಯು. ಗ್ರಂಥವನ್ನು ನಾನೇ ಹೊಗಳಿಕೊಳ್ಳುವುದು ತರವಲ್ಲ. ಅದು ಹುಟ್ಟಿದ ಬಗೆಯನ್ನೂ ಅದರಲ್ಲಿ ಉಳಿದುಹೋದ ಒಂದು ತಪ್ಪನ್ನೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ನಮ್ಮ ಮನೆಯ ದೇವರ ಜಗಲಿಯ ಮೇಲೆ ಅರಿವೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದಿದ್ದಿತು. ಅದಕ್ಕೆ ನಿತ್ಯವೂ ವಿಭೂತಿ ಪತ್ರಿಗಳು ಸಲ್ಲುತ್ತಿದ್ದವು. ಬಿಚ್ಚಿ ಓದಿದವರನ್ನು ಮಾತ್ರ ನಾನು ಕಂಡಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಎತ್ತು, ತಾಮ್ರದ ಹಂಡೆ ಎಲ್ಲವೂ ಪಾಲಾದವು. ಕಟ್ಟನ್ನು ಯಾರೂ ಕೇಳಲಿಲ್ಲ. ಅಗೋ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಅಕ್ಕನವರು ಅದನ್ನು ತವರಿನ ಗುರುತೆಂದು ಉಡಿಯಲ್ಲಿ ಕಟ್ಟಿಕೊಂಡು ಹೋದರು. ಅವರಿಗೆ ಓದುಬರಹ ಬಾರದು. ನಾನು ಶಾಲೆಯ ಚಾಕರಿಯಿಂದ ನಿವೃತ್ತನಾದ ವರುಷ, “ತಮ್ಮಾ, ಇದು ನನ್ನ ಕೂಡ ಮಾತಾಡೂದಿಲ್ಲ. ನಿನ್ನ ಕೂಡರೆ ಮಾತಾಡೀತು, ಒಯ್ಯಿ” ಎಂದು ಕೈಗಿತ್ತರು.

ಇಂಥ ಕಟ್ಟುಗಳನ್ನು ಮನೆಮನೆಯ ಜಗಲಿಯಿಂದ ಇಳಿಸಿ ಲೋಕಕ್ಕೆ ಕೊಟ್ಟ ಫ. ಗು. ಹಳಕಟ್ಟಿಯವರನ್ನು ಈ ಸಭೆಯಲ್ಲಿ ನೆನೆಯದೆ ಮುಂದೆ ಹೋಗಲಾರೆನು. 1923 ರಲ್ಲಿ ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. 1925 ರಲ್ಲಿ ಅವರು ಇದ್ದ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರು. ಮರುವರುಷವೇ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಮುಂದೆ 1993 ರಲ್ಲಿ ಸರಕಾರದವರು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಆದುದರಿಂದ ನನ್ನ ಕಟ್ಟಿನಲ್ಲಿ ಹೊಸ ವಚನವೊಂದೂ ಇಲ್ಲ. ಅಲ್ಲಲ್ಲಿ ಪಾಠಾಂತರಗಳುಂಟು, ಅಷ್ಟೇ.

ಓಲೆಯನ್ನು ಓದುವುದು ಒಬ್ಬನ ಕೆಲಸವಲ್ಲ. ಕಂಠದಿಂದ ಕೊರೆದ ಅಕ್ಷರಕ್ಕೆ ಕಾಡಿಗೆ ತೀಡದಿದ್ದರೆ ಕಣ್ಣಿಗೆ ಕಾಣದು. ಪದಪದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳಿಗೆ ಭೇದವಿಲ್ಲ. ಅರ್ಥ ನೋಡಿ ಉಚ್ಚರಿಸಬೇಕು. ಈ ಶ್ರೀಮಠದ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ನಾವು ಮೂವರು ಗೆಳೆಯರು ನಾಲ್ಕು ವರುಷ ಕೂಡಿ ಕುಳಿತೆವು. ಒಬ್ಬರು ಓದುವರು, ಒಬ್ಬರು ಬರೆಯುವರು, ಮೂರನೆಯವರು ಅಡ್ಡಿ ತೆಗೆಯುವರು. ಓದುತ್ತಿದ್ದವರು ಕಳೆದ ವರುಷ ಲಿಂಗೈಕ್ಯರಾದರು. ಅವರ ಮಕ್ಕಳು ಇಲ್ಲಿಗೆ ಬಂದಿರುವರು.

ಅಡ್ಡಿ ತೆಗೆಯುವ ಗೆಳೆಯರೊಡನೆ ನನಗೆ ಒಂದು ಅಂಕಿತದ ವಿಷಯದಲ್ಲಿ ಮುರಿಯಿತು. ಅಂಕಿತವೇ ವಚನಕಾರರ ಗುರುತೆಂಬುದು ತಮಗೆ ತಿಳಿದಿದೆ. ಒಂದು ಗರಿಯಲ್ಲಿ ‘ಕೂಡಲ’ ಎಂಬುದರ ಮುಂದೆ ಹುಳು ತಿಂದು, ಬಳಿಕ ‘ಸಂಗಮದೇವ’ ಎಂದಿದೆ. ನಾನು ಕೂಡಲಸಂಗಮದೇವ, ಬಸವಣ್ಣನವರದು ಎಂದೆನು. ಅವರು, ನಡುವೆ ಎರಡಕ್ಷರದ ಜಾಗವಿದೆ, ಅದು ಕೂಡಲಚೆನ್ನಸಂಗಮದೇವ, ಚೆನ್ನಬಸವಣ್ಣನವರದು ಎಂದರು. ಅಚ್ಚಾದ ಸಂಪುಟವೂ ಅವರ ಕಡೆಗೇ ಇದ್ದಿತು. ಆದರೆ ನನ್ನ ಗ್ರಂಥಕ್ಕೆ ಏನಾದರೊಂದು ಹೊಸತು ಬೇಕಾಗಿದ್ದಿತು! ಪೀಠಿಕೆಯಲ್ಲಿ ಎರಡು ಪುಟ ಅದನ್ನೇ ವಾದಿಸಿದೆನು. ಅವರು ಬರುವುದನ್ನು ಬಿಟ್ಟರು. ಎಂಟು ತಿಂಗಳು ನಮ್ಮಲ್ಲಿ ಮಾತಿರಲಿಲ್ಲ.

ನಿನ್ನೆ ರಾತ್ರಿ ಅವರು ಕರೆಯದೆಯೇ ಬಂದರು. ಕರೆಯದಿದ್ದುದು ನನ್ನ ಇನ್ನೊಂದು ತಪ್ಪು. ಗರಿಯನ್ನು ತರಿಸಿಕೊಂಡು ದೀಪಕ್ಕೆ ಓರೆಯಾಗಿ ಹಿಡಿದರು. ಕಾಡಿಗೆ ಹೋಗಿದ್ದರೂ ಹುಳು ತಿಂದ ತೂತಿನ ಕೆಳಗೆ ಕಂಠದ ಗೀರು ಉಳಿದಿದ್ದಿತು: ನಕಾರದ ಒತ್ತು. ನನ್ನ ಮಗಳೂ ನೋಡಿದಳು, ನನ್ನ ಸಹಧರ್ಮಿಣಿಯವರೂ ನೋಡಿದರು. ನಾನು ಬಹಳ ಹೊತ್ತು ನೋಡಿದೆನು. ಗೆಳೆಯರು ಏನೂ ಅನ್ನಲಿಲ್ಲ. ಚಹ ತರಹೇಳಿದರು.

ಆದುದರಿಂದ ಸಭೆಯಲ್ಲಿ ನನ್ನ ಬಿನ್ನಹ. ಪೀಠಿಕೆಯ ಆ ಎರಡು ಪುಟಗಳು ಸುಳ್ಳು. ಮರುಮುದ್ರಣಕ್ಕೆ ಹಣವಿಲ್ಲ, ವೇಳೆಯೂ ಇರಲಿಲ್ಲ. ಪೌಳಿಯ ಬಾಗಿಲಲ್ಲಿ ಪುಸ್ತಕದ ಮೇಜಿನ ಬಳಿ ಅದೇ ಗೆಳೆಯರು ಕೆಂಪು ಮಸಿಯ ಲೇಖನಿ ಹಿಡಿದು ಕುಳಿತಿರುವರು, ಜೊತೆಗೆ ನನ್ನ ಮಗಳು. ಪ್ರತಿ ಕೊಂಡವರು ದಯಮಾಡಿ ಅವರ ಮುಂದೆ ಹಿಡಿಯಬೇಕು. ಅವರು ಆ ಪುಟಗಳನ್ನು ಹೊಡೆದುಹಾಕಿ ಅಂಕಿತವನ್ನು ತಿದ್ದಿ ಕೊಡುವರು. ತಿದ್ದದ ಪ್ರತಿಯನ್ನು ಮನೆಗೆ ಒಯ್ಯಬೇಡಿರಿ.

ಅಕ್ಕನವರು ತಮಗೆ ಕೊಟ್ಟ ಪ್ರತಿಯನ್ನು ಆಗಲೇ ಹಣೆಗೊತ್ತಿಕೊಂಡು ಹೊಸ ಅರಿವೆಯಲ್ಲಿ ಸುತ್ತಿಟ್ಟುದನ್ನು ನಾನು ಇಲ್ಲಿಂದಲೇ ಕಂಡೆನು. ಅಕ್ಕಾ, ಅದನ್ನು ಬಿಚ್ಚಿ ಮೊಮ್ಮಗಳ ಕೈಗೆ ಕೊಡಿರಿ. ಪ್ರಸಾದಕ್ಕೆ ಇನ್ನೂ ಅರ್ಧ ತಾಸಿದೆ; ಅವಳು ಒಂದು ವಚನವನ್ನಾದರೂ ತಮಗೆ ಓದಿ ಹೇಳುವಳು.