ಅರ್ಧ ಮೀಟರಿನ ಅಂತರದಲ್ಲಿ ಅಕಿತೊ ವತಾಬೆ

ಇವತ್ತು ಒಬ್ಬ ಜಪಾನಿ ಆಟಗಾರನ ಕತೆ ಹೇಳ್ತೀನಿ. ಹೆಸರು ಅಕಿತೊ ವತಾಬೆ, ಆಟ ನಾರ್ಡಿಕ್ ಕಂಬೈನ್ಡ್.

ನಮ್ಮಲ್ಲಿ ಇದನ್ನ ನೋಡಿದವರು ಕಡಿಮೆ. ಹಾಗಾಗಿ ಮೊದಲು ಲೆಕ್ಕ ಹೇಳಿಬಿಡ್ತೀನಿ. ಕಾಲಿಗೆ ಸ್ಕೀ ಕಟ್ಟಿಕೊಂಡು ಎತ್ತರದ ಜಾರುಹಾದಿಯಿಂದ ಗಾಳಿಗೆ ಜಿಗಿಯಬೇಕು. ದೂರಕ್ಕೂ, ಜಿಗಿದ ಶೈಲಿಗೂ ಅಂಕ ಇರುತ್ತೆ. ಆಮೇಲೆ ಹಿಮದ ಮೇಲೆ 10 ಕಿಲೋಮೀಟರ್ ಸ್ಕೀ ಓಟ. ಜಿಗಿತದಲ್ಲಿ ಗೆದ್ದವನು ಮೊದಲು ಹೊರಡ್ತಾನೆ. ಉಳಿದವರು ಕಮ್ಮಿ ಬಿದ್ದ ಒಂದೊಂದು ಅಂಕಕ್ಕೂ 4 ಸೆಕೆಂಡ್ ಕಾಯಬೇಕು. ಮೊದಲು ಗೆರೆ ದಾಟಿದವನಿಗೆ ಚಿನ್ನ. ಸಣ್ಣ ಜಿಗಿತದ ಸ್ಪರ್ಧೆ, ಅಂದ್ರೆ ನಾರ್ಮಲ್ ಹಿಲ್‌ನಲ್ಲಿ, ಒಂದು ಮೀಟರ್ ದೂರಕ್ಕೆ 2 ಅಂಕ. ಅಂದ್ರೆ 8 ಸೆಕೆಂಡ್. ಇದನ್ನ ನೆನಪಿಟ್ಕೊಳ್ಳಿ.

ವತಾಬೆ ಹುಟ್ಟಿದ್ದು 1988ರಲ್ಲಿ, ನಾಗಾನೊ ಪ್ರಾಂತ್ಯದ ಹಕುಬಾದಲ್ಲಿ. 1998ರ ಒಲಿಂಪಿಕ್ಸ್‌ನ ಜಿಗಿತದ ಸ್ಪರ್ಧೆಗಳು ನಡೆದಿದ್ದು ಅವರ ಊರಲ್ಲೇ. ಅದನ್ನ ನೋಡಿದ ಹುಡುಗನಿಗೆ ತಾನೂ ಹಾರಬೇಕು ಅನ್ನಿಸಿತು. 2006ರಲ್ಲಿ, ಇನ್ನೂ ಹೈಸ್ಕೂಲ್ ವಿದ್ಯಾರ್ಥಿಯಾಗಿದ್ದಾಗಲೇ, ಟ್ಯೂರಿನ್ ಒಲಿಂಪಿಕ್ಸ್‌ಗೆ ಹೋದರು.

2014, ಸೋಚಿ. ಜಿಗಿತದಲ್ಲಿ ಜರ್ಮನಿಯ ಎರಿಕ್ ಫ್ರೆಂಜೆಲ್ ಮೊದಲು, ಅವರ ಹಿಂದೆ 6 ಸೆಕೆಂಡ್ ದೂರದಲ್ಲಿ ವತಾಬೆ. ಓಟದಲ್ಲಿ ಫ್ರೆಂಜೆಲ್ ಅವರನ್ನ ಹಿಡಿದೂ ಬಿಟ್ಟರು. ಆದರೆ ಕೊನೆಗೆ ಸೋತಿದ್ದು 4.2 ಸೆಕೆಂಡ್‌ನಿಂದ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಗಾಳಿಯಲ್ಲಿ ಅರ್ಧ ಮೀಟರ್ ಚಿಲ್ಲರೆ. ಕೊನೆಯ ಓಟ ಬೇರೆ ಥರ ನಡೀತಿತ್ತೇನೋ, ಹಾಗಾಗಿ ಇದು ಬರೀ ಕಾಗದದ ಲೆಕ್ಕ. ಆದರೂ ತಲೆಯಿಂದ ಹೋಗಲ್ಲ.

ನಾಲ್ಕು ವರ್ಷ ಕಳೆದು ಪ್ಯೊಂಗ್‌ಚಾಂಗ್. ಅದೇ ನಾರ್ಮಲ್ ಹಿಲ್, ಅದೇ ಫ್ರೆಂಜೆಲ್. ಈ ಸಲ ಜಿಗಿತದಲ್ಲಿ ಜರ್ಮನ್ ಹಿಂದೆ, ವತಾಬೆ ಮುಂದೆ. ಆದರೂ ಕೊನೆಗೆ 4.8 ಸೆಕೆಂಡ್, ಮತ್ತೆ ಬೆಳ್ಳಿ! ಆಮೇಲೆ ಗೊತ್ತಾಗಿದ್ದೇನಂದ್ರೆ, ಅದಕ್ಕೆ ಕೆಲವೇ ದಿನ ಮುಂಚೆ ವಿಶ್ವಕಪ್ ಸ್ಪರ್ಧೆಯಲ್ಲಿ ಅವರ ಪಕ್ಕೆಲುಬು ಮುರಿದಿತ್ತು. ಜೋರಾಗಿ ಉಸಿರೆಳೆದ್ರೂ ನೋಯುವ ಜಾಗ ಅದು. ಅಂಥದ್ರಲ್ಲಿ 10 ಕಿಲೋಮೀಟರ್. ದೊಡ್ಡ ಜಿಗಿತದ ಸ್ಪರ್ಧೆಯಲ್ಲೂ ಮೊದಲು ಹೊರಟವರು ಅವರೇ, ಮುಗಿಸಿದ್ದು ಐದನೆಯವರಾಗಿ.

ಹಾಗಂತ ಇವರು ಬರೀ ಎರಡನೆಯವರು ಅಂತ ತಿಳ್ಕೋಬೇಡಿ. ಅದೇ 2017-18ರ ಸೀಸನ್‌ನಲ್ಲಿ ವಿಶ್ವಕಪ್ ಒಟ್ಟಾರೆ ಪ್ರಶಸ್ತಿ ಗೆದ್ದರು. 90ರ ದಶಕದಲ್ಲಿ ಮೂರು ಸಲ ಗೆದ್ದ ಕೆಂಜಿ ಒಗಿವಾರಾ ಆದ್ಮೇಲೆ ಅದನ್ನ ಗೆದ್ದ ಜಪಾನಿ ಇವರೇ. ಇಡೀ ಚಳಿಗಾಲದ ಲೆಕ್ಕ ಅದು, ಒಂದು ದಿನದ್ದಲ್ಲ. ನನ್ನ ಕೇಳಿದ್ರೆ ಅದೇ ಹೆಚ್ಚು ಕಷ್ಟದ್ದು. ಆದರೆ ಟಿವಿ ಮುಂದೆ ಕೂತವರಿಗೆ ನೆನಪಿರೋದು ಒಲಿಂಪಿಕ್ಸ್ ಮಾತ್ರ.

2022, ಬೀಜಿಂಗ್. ವಯಸ್ಸು 33. ದೊಡ್ಡ ಜಿಗಿತದ ಸ್ಪರ್ಧೆ. ಓಟದ ಕೊನೆಯಲ್ಲಿ ಮುಂದೆ ಇದ್ದವರು ವತಾಬೆ. ಗೆರೆ ಹತ್ತಿರ ಬರ್ತಿದ್ದ ಹಾಗೆ ನಾರ್ವೆಯ ಗ್ರೊಬಾಕ್, ಒಫ್ಟೆಬ್ರೊ ಇಬ್ಬರೂ ಹಿಂದಿಂದ ಬಂದು ದಾಟಿಬಿಟ್ಟರು. ಚಿನ್ನಕ್ಕೂ ವತಾಬೆಗೂ ಇದ್ದ ಅಂತರ 0.6 ಸೆಕೆಂಡ್. ಈ ಸಲ ಕಂಚು.

ಎರಡು ದಿನ ಬಿಟ್ಟು ತಂಡದ ಸ್ಪರ್ಧೆಯಲ್ಲಿ ಇನ್ನೊಂದು ಕಂಚು ಬಂತು. ಆ ನಾಲ್ವರ ತಂಡದಲ್ಲಿ ಅವರ ಸ್ವಂತ ತಮ್ಮ ಯೋಶಿತೊ ಕೂಡ ಇದ್ದ.